ಪ್ಯಾರಿಸ್ಸಿನ ಊಟದ ಮೇಜಿನಲ್ಲಿ ಅಝ್‌ಹರಿನ ಇಮಾಮ್

ಹಳೆಯ ಪ್ರವಾಸ ಕಥನಗಳನ್ನು ಓದುವಾಗ ನಾವು ಸಾಮಾನ್ಯವಾಗಿ ಅರಮನೆ, ಗ್ರಂಥಾಲಯ, ರಾಜರ ಭೇಟಿಗಳ ಪುಟಗಳಲ್ಲಿ ನಿಲ್ಲುತ್ತೇವೆ. ಊಟದ ಬಗ್ಗೆ ಬರೆದ ಸಾಲುಗಳನ್ನು ದಾಟಿ ಹೋಗುತ್ತೇವೆ. ಆದರೆ ಪರದೇಶಕ್ಕೆ ಹೋದ ಮನುಷ್ಯನ ಮನಸ್ಸು ನಿಜವಾಗಿ ತೆರೆದುಕೊಳ್ಳುವುದು ಮೊದಲ ತಟ್ಟೆ ಮುಂದೆ ಬಂದಾಗ. ತನ್ನದಲ್ಲದ ಅನ್ನವನ್ನು ತಿನ್ನಬೇಕೇ ಬೇಡವೇ, ತಿಂದರೆ ಹೇಗೆ ತಿನ್ನಬೇಕು, ರುಚಿಸದಿದ್ದರೆ ಹೇಳಬೇಕೇ, ಸುಮ್ಮನಿರಬೇಕೇ? ಅರಮನೆಯ ಮುಂದೆ ನಿಂತವನಿಗೆ ಇಂತಹ ಪ್ರಶ್ನೆಗಳು ಬರುವುದಿಲ್ಲ.

1826ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾರ್ಸೇ ಬಂದರಿಗೆ ಬಂದಿಳಿದ ರಿಫಾಅ ರಾಫಿ ಅತ್ತಹ್ತಾವಿಯವರ ಮುಂದೆ ಈ ಪ್ರಶ್ನೆಗಳೆಲ್ಲ ಇದ್ದವು. ಆಗ ಅವರಿಗೆ ವಯಸ್ಸು 24. ಮೇಲಣ ಈಜಿಪ್ಟಿನ ತಹ್ತಾ ಎಂಬ ಊರಿನವರು, ಕೈರೋದ ಅಲ್ ಅಝ್‌ಹರ್‌ನಲ್ಲಿ ಓದಿದವರು. ಅವರು ಹುಟ್ಟಿದ್ದು 1801ರಲ್ಲಿ. ನೆಪೋಲಿಯನ್ ತಂದು ಬಿಟ್ಟಿದ್ದ ಫ್ರೆಂಚ್ ಸೇನೆ ಈಜಿಪ್ಟನ್ನು ತೆರವು ಮಾಡಿದ್ದೂ ಅದೇ ವರ್ಷ. ತಮ್ಮ ನಾಡನ್ನು ಮೂರು ವರ್ಷ ಆಕ್ರಮಿಸಿದ್ದವರ ವಿದ್ಯೆಯನ್ನು ಕಲಿತು ಬರಲು ಈಜಿಪ್ಟಿನ ಆಡಳಿತಗಾರ ಮುಹಮ್ಮದ್ ಅಲಿ ಪಾಶಾ ನಲವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಆ ವರ್ಷ ಪ್ಯಾರಿಸ್ಸಿಗೆ ಕಳುಹಿಸಿದ. ಅವರ ನಮಾಝ್ ಮತ್ತು ಧಾರ್ಮಿಕ ವಿಷಯಗಳನ್ನು ನೋಡಿಕೊಳ್ಳಲು ಇಮಾಮರೊಬ್ಬರು ಬೇಕಿತ್ತು. ಶೈಖ್ ಹಸನ್ ಅಲ್ ಅತ್ತಾರ್ ತಮ್ಮ ಪ್ರಿಯ ಶಿಷ್ಯನ ಹೆಸರನ್ನು ಸೂಚಿಸಿದರು. ಆಕ್ರಮಣದ ದಿನಗಳಲ್ಲಿ ಫ್ರೆಂಚ್ ವಿದ್ವಾಂಸರೊಂದಿಗೆ ಒಡನಾಡಿದ್ದ ಈ ಗುರುಗಳು ಶಿಷ್ಯನಿಗೆ ಒಂದು ಮಾತು ಹೇಳಿ ಕಳುಹಿಸಿದ್ದರು. ಕಂಡದ್ದನ್ನೆಲ್ಲ ಬರೆದಿಡು.

ಶಿಷ್ಯ ಬರೆದಿಟ್ಟರು. 'ತಖ್ಲೀಸುಲ್ ಇಬ್ರೀಝ್ ಫೀ ತಲ್ಖೀಸಿ ಬಾರೀಝ್' ಎಂಬ ಆ ಗ್ರಂಥ 1834ರಲ್ಲಿ ಕೈರೋದ ಬೂಲಾಕ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಪ್ಯಾರಿಸ್ಸಿನ ಸಾರವನ್ನು ಅಪರಂಜಿಯಂತೆ ಸೋಸಿ ತೆಗೆಯುವುದು ಎಂದು ಹೆಸರಿನ ಅರ್ಥ. ಫ್ರಾನ್ಸಿನ ಸಂವಿಧಾನದ ಅನುವಾದ, 1830ರ ಕ್ರಾಂತಿಯ ಕಣ್ಣಾರೆ ಕಂಡ ವರದಿ ಅದರಲ್ಲಿರುವುದರಿಂದ ಇತಿಹಾಸಕಾರರು ಅದನ್ನು ಅರಬ್ ಜಗತ್ತಿನ ರಾಜಕೀಯ ಚಿಂತನೆಯ ಮೈಲಿಗಲ್ಲು ಎನ್ನುತ್ತಾರೆ. ನಾವಿಲ್ಲಿ ಅದರ ಊಟದ ಪುಟಗಳನ್ನು ಮಾತ್ರ ತೆರೆಯುತ್ತೇವೆ.

ಮಾರ್ಸೇಗೆ ಬಂದವರನ್ನು ನೇರವಾಗಿ ಊರೊಳಗೆ ಬಿಡುತ್ತಿರಲಿಲ್ಲ. ಪೂರ್ವ ದೇಶಗಳಿಂದ ಪ್ಲೇಗ್ ಬರಬಹುದೆಂಬ ಭಯದಿಂದ ಊರ ಹೊರಗಿನ ದಿಗ್ಬಂಧನ ಗೃಹದಲ್ಲಿ ಇರಿಸುತ್ತಿದ್ದರು. ತಹ್ತಾವಿಯವರ ಮೊದಲ ಫ್ರೆಂಚ್ ಊಟ ನಡೆದದ್ದು ಅಲ್ಲಿಯೇ. ಬೆಳಗಾಗುವಾಗ ಭಾಷೆ ತಿಳಿಯದ ಸೇವಕರು ಬಂದರು. ಅವರೊಂದಿಗೆ ಬಂದದ್ದು ಸುಮಾರು ನೂರು ಕುರ್ಚಿಗಳು! ಈ ಜನರಿಗೆ ಚಾಪೆಯ ಮೇಲೆ ಕುಳಿತುಕೊಳ್ಳುವುದೇ ವಿಚಿತ್ರವಾಗಿ ಕಾಣುತ್ತದೆ, ಇನ್ನು ನೆಲದ ಮೇಲೆ ಕೂರುವುದನ್ನು ಹೇಳುವುದೇನು ಎಂದು ಅವರು ಬರೆಯುತ್ತಾರೆ. ಎತ್ತರದ ಮೇಜುಗಳು ಬಂದವು. ಮೇಜಿನ ಮೇಲೆ ಬಿಳಿಯ ಪಿಂಗಾಣಿ ತಟ್ಟೆಗಳು. ಪ್ರತಿ ತಟ್ಟೆಯ ಬಳಿ ಒಂದು ಗ್ಲಾಸು, ಒಂದು ಚಾಕು, ಒಂದು ಮುಳ್ಳು ಚಮಚ, ಒಂದು ಚಮಚ. ನೀರಿನ ಬಾಟಲಿಗಳು, ಉಪ್ಪಿಗೊಂದು, ಕರಿಮೆಣಸಿಗೊಂದು ಪಾತ್ರೆ. ಮೇಜಿನ ನಡುವೆ ದೊಡ್ಡ ಬಟ್ಟಲನ್ನಿಟ್ಟು, ಒಬ್ಬನು ಎಲ್ಲರಿಗೂ ಪಾಲು ಹಂಚುತ್ತಾನೆ. ತನ್ನ ಪಾಲನ್ನು ಚಾಕುವಿನಿಂದ ತುಂಡರಿಸಿ ಮುಳ್ಳು ಚಮಚದಿಂದ ಬಾಯಿಗಿಡಬೇಕು. ಕೈಯಿಂದ ತಿನ್ನುವಂತಿಲ್ಲ, ಇನ್ನೊಬ್ಬನ ಚಾಕು ಮುಟ್ಟುವಂತಿಲ್ಲ, ಇನ್ನೊಬ್ಬನ ಗ್ಲಾಸಿನಲ್ಲಿ ಕುಡಿಯುವಂತಿಲ್ಲ.

ಹೀಗೆ ತಿನ್ನುವುದು ಹೆಚ್ಚು ಶುಚಿ ಮತ್ತು ಆರೋಗ್ಯಕರ ಎಂದು ಅವರು ವಾದಿಸುತ್ತಾರೆ ಎಂದು ತಹ್ತಾವಿಯವರು ದಾಖಲಿಸುತ್ತಾರೆ. ಈ 'ವಾದಿಸುತ್ತಾರೆ' ಎಂಬಲ್ಲಿ ನಮಗೆ ಅವರ ಸ್ವಭಾವ ಕಾಣುತ್ತದೆ. ಅವರು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಊಟದ ಕ್ರಮವನ್ನು ಅಷ್ಟೇ ತಾಳ್ಮೆಯಿಂದ ವಿವರಿಸುತ್ತಾರೆ. ಮೊದಲು ಸೂಪು, ಆಮೇಲೆ ಮಾಂಸ, ಅನಂತರ ತರಕಾರಿ ಮತ್ತು ಹಿಟ್ಟಿನ ಪದಾರ್ಥಗಳು, ಬಳಿಕ ಸೊಪ್ಪಿನ ಸಲಾಡ್. ಒಂದೊಂದು ಬಗೆ ಮುಗಿದಾಗಲೂ ತಟ್ಟೆ ಬದಲಾಗುತ್ತದೆ. ಸಲಾಡಿನ ತಟ್ಟೆಗೆ ಸಲಾಡಿನದೇ ಬಣ್ಣ ಬಳಿದಿರುವುದನ್ನೂ ಅವರ ಕಣ್ಣು ಬಿಟ್ಟಿಲ್ಲ. ಕೊನೆಗೆ ಹಣ್ಣು, ಸ್ವಲ್ಪ ಮದ್ಯ, ಚಹಾ, ಕಾಫಿ. ಬಡವನಿರಲಿ, ಬಲ್ಲಿದನಿರಲಿ, ತನ್ನ ಶಕ್ತಿಗೆ ತಕ್ಕಂತೆ ಇದೇ ಕ್ರಮವನ್ನು ಪಾಲಿಸುತ್ತಾನೆ ಎಂಬುದು ಅವರಿಗೆ ಸೋಜಿಗ.

ಇಲ್ಲಿ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಾಕೆಂದರೆ ತಹ್ತಾವಿಯವರಿಗಿಂತ 38 ವರ್ಷ ಮುಂಚೆ ಇದೇ ಮಾರ್ಸೇಯ ಮೂಲಕ ನಮ್ಮ ನಾಡಿನ ಮೂವರು ಹಾದು ಹೋಗಿದ್ದರು. ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ್ ಕಳುಹಿಸಿದ್ದ ರಾಯಭಾರಿಗಳಾದ ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್. 1787ರಲ್ಲಿ ಪಾಂಡಿಚೇರಿಯಿಂದ ಹಡಗೇರಿ, 1788ರ ಜೂನ್‌ನಲ್ಲಿ ತುಲೋನ್ ಬಂದರಿನಲ್ಲಿ ಇಳಿದು, ಜುಲೈ 16ರಂದು ಅವರು ಪ್ಯಾರಿಸ್ ತಲುಪಿದರು. ಆಗಸ್ಟ್ 10ರಂದು ವರ್ಸೇಯಲ್ಲಿ ಹದಿನಾರನೇ ಲೂಯಿ ಅವರನ್ನು ಬರಮಾಡಿಕೊಂಡ. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಅವರು ಕೇಳಿದ್ದು. ಸಿಕ್ಕಿದ್ದು ಒಳ್ಳೆಯ ಮಾತು, ಸೆವ್ರ್ ಪಿಂಗಾಣಿಯ ಕಾಣಿಕೆ ಮತ್ತು ಕೆಲವು ಕುಶಲಕರ್ಮಿಗಳು.

ರಾಜನಿಗೆ ಬೇರೆ ಸಾಧ್ಯವೂ ಇರಲಿಲ್ಲ. ಬೊಕ್ಕಸ ಬರಿದಾಗಿತ್ತು. ರಾಯಭಾರಿಗಳು ಪ್ಯಾರಿಸ್ ಪ್ರವೇಶಿಸುವುದಕ್ಕೆ ಮೂರೇ ದಿನ ಮುಂಚೆ, ಜುಲೈ 13ರಂದು, ಭಾರೀ ಆಲಿಕಲ್ಲಿನ ಮಳೆ ಬಿದ್ದು ಪ್ಯಾರಿಸ್ಸಿನ ಸುತ್ತಲಿನ ಗೋಧಿಯ ಬೆಳೆ ನೆಲಕಚ್ಚಿತ್ತು. ಮರುವರ್ಷ ರೊಟ್ಟಿಯ ಬೆಲೆ ಏರಿ, ಅಕ್ಟೋಬರದಲ್ಲಿ ಪ್ಯಾರಿಸ್ಸಿನ ಹೆಂಗಸರು ರೊಟ್ಟಿ ಕೇಳಿಕೊಂಡು ವರ್ಸೇಗೆ ನಡೆದೇ ಹೋದರು. ನಮ್ಮ ರಾಯಭಾರಿಗಳು ಕಂಡದ್ದು ಹಸಿವಿನ ಅಂಚಿನಲ್ಲಿದ್ದ ಒಂದು ಅರಮನೆಯ ವೈಭವ.

ರಾಯಭಾರಿಗಳು ಫ್ರೆಂಚ್ ಊಟದ ಬಗ್ಗೆ ಏನೆಂದರೋ, ಅದಕ್ಕಿಂತ ಅವರ ಊಟದ ಬಗ್ಗೆ ಫ್ರೆಂಚರು ಏನೆಂದರೆಂಬುದೇ ಹೆಚ್ಚು ಪ್ರಸಿದ್ಧ. ರಾಣಿಯ ಮೆಚ್ಚಿನ ಚಿತ್ರಕಾರ್ತಿ ಎಲಿಝಬೆತ್ ವಿಜೇ ಲ ಬ್ರೂನ್ ಅವರ ಚಿತ್ರ ಬರೆದಳು. ಖಡ್ಗ ಹಿಡಿದು ನಿಂತ ದರ್ವೇಶ್ ಖಾನರ ಆ ಆಳೆತ್ತರದ ಚಿತ್ರ 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ರಾಯಭಾರಿಗಳು ಆಕೆಯನ್ನೂ ಆಕೆಯ ಗೆಳತಿಯನ್ನೂ ಊಟಕ್ಕೆ ಕರೆದರು. ವೃದ್ಧಾಪ್ಯದಲ್ಲಿ ಪ್ರಕಟಿಸಿದ ಸ್ಮೃತಿಗಳಲ್ಲಿ ಆಕೆ ಅದನ್ನು ನೆನೆಸಿಕೊಳ್ಳುತ್ತಾಳೆ. ನೆಲದ ಮೇಲೆ ಊಟ, ಎಲ್ಲರೂ ಸುತ್ತ ಕುಳಿತದ್ದು, ಆತಿಥೇಯರು ತಮ್ಮ ಕೈಯಿಂದಲೇ ಅತಿಥಿಗಳಿಗೆ ಬಡಿಸಿದ್ದು. ಬಿಳಿಯ ಸಾರಿನಲ್ಲಿ ಬೆಂದ, ಮಸಾಲೆ ಹೆಚ್ಚಾದ ಕುರಿಯ ಕಾಲು ಮತ್ತು ಆಕೆಗೆ ಹೆಸರು ತಿಳಿಯದ ಇನ್ನೊಂದು ಪದಾರ್ಥ. ಆ ಕಂದು ಕೈಗಳು ಚಮಚದ ಕೆಲಸ ಮಾಡುವುದನ್ನು ನೋಡಿ ಆಕೆಗೆ ಅಸಹ್ಯವಾಯಿತು.

ಅದು ಪಾಯಾ ಇದ್ದಿರಬೇಕೆಂದು ನಮಗೆ ತೋರುತ್ತದೆ. ಫ್ರಾನ್ಸಿನಲ್ಲೂ ಕುರಿಯ ಕಾಲನ್ನು ಬಿಳಿ ಸಾರಿನಲ್ಲಿ ಬೇಯಿಸುವ ಹಳೆಯ ಪದ್ಧತಿಯಿದೆ. ಆಕೆ ತನಗೆ ತಿಳಿದ ಪದಾರ್ಥದ ಹೆಸರನ್ನು ಅದಕ್ಕೆ ಕೊಟ್ಟಳೋ ಏನೋ. ಅತಿಥಿಗೆ ತನ್ನ ಕೈಯಿಂದ ಬಡಿಸುವುದು ನಮ್ಮಲ್ಲಿ ಗೌರವದ ಪರಾಕಾಷ್ಠೆ. ಅದೇ ಕೈ ಅಲ್ಲಿ ಅನಾಗರಿಕತೆಯ ಗುರುತಾಯಿತು. ಆಕೆಯ ಸ್ಮೃತಿಗಳು ಬೆಳಕು ಕಂಡದ್ದು 1835ರಿಂದ 37ರ ನಡುವೆ, ಅಂದರೆ ತಹ್ತಾವಿಯವರ ಗ್ರಂಥ ಬೂಲಾಕಿನಲ್ಲಿ ಅಚ್ಚಾದ ಬೆನ್ನಿಗೇ. ಒಂದೇ ಕಾಲದ ಇಬ್ಬರು ಓದುಗರು, ಒಬ್ಬರು ಪ್ಯಾರಿಸ್ಸಿನಲ್ಲಿ, ಒಬ್ಬರು ಕೈರೋದಲ್ಲಿ, ಪರಸ್ಪರರ ಊಟದ ಬಗ್ಗೆ ಓದುತ್ತಿದ್ದರು. ಮುಳ್ಳು ಚಮಚ ಹಿಡಿದವರನ್ನು ನೋಡಿ ಇಮಾಮರು ಮೂಗು ಮುರಿಯಲಿಲ್ಲ ಎಂಬುದನ್ನು ಮಾತ್ರ ನಾವು ಹೇಳದೆ ಇರಲಾರೆವು.

ಮತ್ತೆ ಮಾರ್ಸೇಗೆ ಬರೋಣ. ದಿಗ್ಬಂಧನ ಮುಗಿದು ಊರೊಳಗೆ ಹೋದ ತಹ್ತಾವಿಯವರು ಮೊದಲು ಬೆರಗಾದದ್ದು ಒಂದು ಕಾಫಿ ಅಂಗಡಿಯಲ್ಲಿ. ಒಳಗೆ ಹೆಜ್ಜೆಯಿಟ್ಟಾಗ ಜನಜಂಗುಳಿಯ ದೊಡ್ಡ ಬೀದಿಗೇ ಬಂದೆನೆಂದು ಅವರು ಭಾವಿಸಿದರು. ಎತ್ತ ನೋಡಿದರೂ ಕುಳಿತವರು, ನಿಂತವರು, ನಡೆಯುವವರು. ಕೊನೆಗೆ ಆ ಗುಂಪಿನಲ್ಲಿ ತಮ್ಮದೇ ಮುಖ ಕಂಡಾಗ ಗೊತ್ತಾಯಿತು, ಅದೆಲ್ಲ ಗೋಡೆಗಳ ದೊಡ್ಡ ಕನ್ನಡಿಗಳ ಆಟ. ತನ್ನ ಪೆದ್ದುತನವನ್ನು ಗ್ರಂಥದಲ್ಲಿ ಬರೆದಿಡುವ ಧೈರ್ಯ ಎಲ್ಲ ವಿದ್ವಾಂಸರಿಗೂ ಇರುವುದಿಲ್ಲ. ಅಂಗಡಿಯಲ್ಲಿ ಹೆಂಗಸೊಬ್ಬಳು ಎತ್ತರದ ಪೀಠದಲ್ಲಿ ಕುಳಿತು, ಮಸಿಕುಡಿಕೆ, ಲೇಖನಿ, ಪಟ್ಟಿ ಇಟ್ಟುಕೊಂಡು ಲೆಕ್ಕ ಬರೆಯುತ್ತಿದ್ದಳು. ಕಾಫಿ ಬೇರೊಂದು ಕೋಣೆಯಲ್ಲಿ ತಯಾರಾಗಿ ಬರುತ್ತಿತ್ತು. ಬಂದ ಬಟ್ಟಲೋ ಈಜಿಪ್ಟಿನ ಫಿಂಜಾನಿನ ನಾಲ್ಕು ಪಟ್ಟು ದೊಡ್ಡದು, ಜೊತೆಗೆ ಬೆರೆಸಿಕೊಳ್ಳಲು ಸಕ್ಕರೆ. ಅಲ್ಲಿ ಓದಲು ದಿನಪತ್ರಿಕೆಗಳನ್ನು ಇಟ್ಟಿರುತ್ತಿದ್ದರು. ಕೈರೋದ ಸರಕಾರಿ ಪತ್ರಿಕೆಯೂ ಇನ್ನೂ ಹುಟ್ಟಿರದ ಕಾಲ ಅದು. ಅದು ಆರಂಭವಾದದ್ದು 1828ರಲ್ಲಿ.

ಕಾಫಿ ಯೆಮೆನಿನಿಂದ ಕೈರೋಕ್ಕೆ, ಅಲ್ಲಿಂದ ಇಸ್ತಾಂಬುಲಿಗೆ, ಅಲ್ಲಿಂದ ಯುರೋಪಿಗೆ ಹೋದ ಪಾನೀಯ. ಮಾರ್ಸೇ ಬಂದರೇ ಅದು ಫ್ರಾನ್ಸಿಗೆ ಕಾಲಿಟ್ಟ ಬಾಗಿಲು. ತಮ್ಮ ನಾಡಿನ ವಸ್ತುವೇ ರೂಪ ಬದಲಿಸಿಕೊಂಡು ಎದುರಿಗೆ ಬಂದು ಕುಳಿತಿತ್ತು.

ಪ್ಯಾರಿಸ್ಸಿನಲ್ಲಿ ಅವರು ಐದು ವರ್ಷ ಇದ್ದರು. ಪ್ಯಾರಿಸ್ ಆಗ ಯುರೋಪಿನ ಪಾಕಶಾಲೆಯಾಗಿತ್ತು. ರುಚಿಯ ಶಾಸ್ತ್ರ ಬರೆದ ನ್ಯಾಯಾಧೀಶ ಬ್ರಿಯಾ ಸವಾರೆನ್ನನ ಗ್ರಂಥ 1825ರ ಡಿಸೆಂಬರಿನಲ್ಲಿ ಪ್ರಕಟವಾಗಿ, ಎರಡು ತಿಂಗಳಲ್ಲಿ ಆತ ತೀರಿಕೊಂಡಿದ್ದ. ಬಾಣಸಿಗರ ರಾಜನೆನಿಸಿದ ಕರೇಮ್ ಇನ್ನೂ ಬದುಕಿದ್ದ. ರೆಸ್ಟೋರೆಂಟ್ ಎಂಬ ಸಂಸ್ಥೆಯೂ ಹೊಸದೇ. ಆ ಪದಕ್ಕೆ ಮೊದಲು ಇದ್ದ ಅರ್ಥ ಬಳಲಿದವರಿಗೆ ಚೇತರಿಕೆ ಕೊಡುವ ಮಾಂಸದ ಕಷಾಯ. 1760ರ ದಶಕದಲ್ಲಿ ಅದನ್ನು ಮಾರುವ ಅಂಗಡಿಗಳಿಗೆ ಆ ಹೆಸರು ಅಂಟಿತು. 1789ರ ಕ್ರಾಂತಿಯ ನಂತರ ಯಜಮಾನರನ್ನು ಕಳೆದುಕೊಂಡ ಅಡುಗೆಯವರು ಹಲವರು ತಾವೇ ಊಟದ ಮನೆ ತೆರೆದರು. ಅರಮನೆಯ ಅಡುಗೆ ಹೀಗೆ ಬೀದಿಗೆ ಬಂತು. ತಹ್ತಾವಿಯವರು ಈ ಪದವನ್ನು ಅರಬಿ ಲಿಪಿಯಲ್ಲಿ ಹಾಗೆಯೇ ಬರೆದುಕೊಂಡು, ಮನೆಯಲ್ಲಿ ಸಿಗುವುದೆಲ್ಲ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೂ, ಅಲ್ಲಿ ಸಿದ್ಧವಾಗಿ ಸಿಗುತ್ತದೆಂದು ವಿವರಿಸುತ್ತಾರೆ.

ರೊಟ್ಟಿಯ ಬಗ್ಗೆ ಅವರು ಬರೆದದ್ದು ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. ಪ್ಯಾರಿಸ್ಸಿನವರು ಮನೆಯಲ್ಲಿ ರೊಟ್ಟಿ ಸುಡುವುದಿಲ್ಲ, ದಿನದ ರೊಟ್ಟಿಯನ್ನು ಅಂಗಡಿಯಿಂದ ಕೊಳ್ಳುತ್ತಾರೆ. ಕಾರಣ ಸಮಯದ ಉಳಿತಾಯ, ಎಲ್ಲರಿಗೂ ಅವರವರ ಕೆಲಸವಿದೆ. ರೊಟ್ಟಿ ಅಂಗಡಿಯವನು ಪ್ರತಿದಿನ ಊರಿಗೆ ಸಾಕಾಗುವಷ್ಟು ರೊಟ್ಟಿ ಇಟ್ಟಿರಲೇಬೇಕೆಂದು ಅಧಿಕಾರಿಯ ಆಜ್ಞೆಯಿದೆ. ಆ ಅಧಿಕಾರಿಗೆ ಅವರು ಕೊಡುವ ಹೆಸರು ಮುಹ್ತಸಿಬ್. ತೂಕ, ಅಳತೆ, ಕಲಬೆರಕೆಗಳ ಮೇಲೆ ಕಣ್ಣಿಡುತ್ತಿದ್ದ ಇಸ್ಲಾಮೀ ನಗರಗಳ ಮಾರುಕಟ್ಟೆಯ ಅಧಿಕಾರಿ ಅವನು. ಫ್ರಾನ್ಸಿನ ಪೊಲೀಸರಲ್ಲಿ ಅವರು ತಮ್ಮ ಮುಹ್ತಸಿಬನನ್ನು ಗುರುತಿಸಿದರು. 1789ರ ಹಸಿವನ್ನು ಕಂಡ ಸರಕಾರಕ್ಕೆ ಪ್ಯಾರಿಸ್ಸಿನ ರೊಟ್ಟಿ ಎಷ್ಟು ನಾಜೂಕಿನ ವಿಷಯವೆಂದು ಗೊತ್ತಿತ್ತು.

ಇನ್ನು ಮಾಂಸ. ಇಮಾಮರಾಗಿ ಹೋದವರಿಗೆ ಇದು ಬರೀ ರುಚಿಯ ಪ್ರಶ್ನೆಯಾಗಿರಲಿಲ್ಲ. ಪ್ಯಾರಿಸ್ಸಿನ ಕಸಾಯಿಖಾನೆಗಳನ್ನು ನೆಪೋಲಿಯನ್ನನ ಆಜ್ಞೆಯಂತೆ ಊರಂಚಿಗೆ ಸಾಗಿಸಿದ್ದರು. 1818ರಲ್ಲಿ ಅಂತಹ ಐದು ಆರಂಭವಾಗಿದ್ದವು. ಇದರಿಂದ ಊರಿಗೆ ಹೊಲಸಿಲ್ಲ, ತಪ್ಪಿಸಿಕೊಂಡ ಪಶುಗಳಿಂದ ಜನರಿಗೆ ಅಪಾಯವೂ ಇಲ್ಲ ಎಂದು ತಹ್ತಾವಿಯವರು ಮೆಚ್ಚುತ್ತಾರೆ. ಆದರೆ ಎತ್ತುಗಳನ್ನು ಕೊಲ್ಲುವ ಕ್ರಮ ಮಾತ್ರ ಅವರಿಗೆ ಸಹಿಸಲಾಗಲಿಲ್ಲ. ಕಬ್ಬಿಣದ ಸುತ್ತಿಗೆಯಿಂದ ತಲೆಗೆ ಮತ್ತೆ ಮತ್ತೆ ಹೊಡೆದು ಬೀಳಿಸಿ ಆಮೇಲೆ ಕುತ್ತಿಗೆ ಕೊಯ್ಯುತ್ತಿದ್ದರು. ಒಮ್ಮೆ ಈಜಿಪ್ಟಿನ ಸೇವಕನೊಬ್ಬನನ್ನು, ತಾವು ಕೊಂಡ ಪಶುವನ್ನು ತಮ್ಮ ವಿಧಿಯಂತೆ ಝಬಹ್ ಮಾಡಲು ಅಲ್ಲಿಗೆ ಕಳುಹಿಸಿದರು. ಎತ್ತುಗಳ ಪಾಡನ್ನು ಕಂಡ ಆತ ಅಲ್ಲಾಹನ ಅಭಯ ಯಾಚಿಸುತ್ತ ಹಿಂದಿರುಗಿದ. ತನ್ನನ್ನು ಫ್ರಾಂಕರ ನಾಡಿನಲ್ಲಿ ಎತ್ತಾಗಿ ಹುಟ್ಟಿಸಲಿಲ್ಲವಲ್ಲ ಎಂದು ಅಲ್ಲಾಹನನ್ನು ಸ್ತುತಿಸಿದ!

ಓದಿ ನಗು ಬರುತ್ತದೆ. ಆದರೆ ಆ ಸೇವಕ ಎತ್ತಿದ ಪ್ರಶ್ನೆ ಮುಂದೆ ಉಲಮಾಗಳನ್ನು ಬಹುಕಾಲ ಕಾಡಿತು. ಗ್ರಂಥದವರ ಆಹಾರ ಮುಸ್ಲಿಮರಿಗೆ ಸಮ್ಮತವೆಂದು ಕುರ್‌ಆನ್ ಹೇಳುತ್ತದೆ. ಆದರೆ ಅವರು ಕೊಲ್ಲುವ ವಿಧಾನವೇ ಹೀಗಿದ್ದರೆ? ನಮ್ಮ ದೇಶದಲ್ಲಿ ಸರ್ ಸಯ್ಯಿದ್ ಅಹ್ಮದ್ ಖಾನ್ 1868ರಲ್ಲಿ ಗ್ರಂಥದವರೊಂದಿಗೆ ಊಟ ಮಾಡುವ ಬಗ್ಗೆ ಒಂದು ಪುಸ್ತಿಕೆಯನ್ನೇ ಬರೆದು ಅದನ್ನು ಸಮರ್ಥಿಸಿದರು. ಇಂಗ್ಲಿಷರ ಮೇಜಿನಲ್ಲಿ ಉಂಡದ್ದಕ್ಕೆ ಬಂದ ಟೀಕೆಗಳ ಹಿನ್ನೆಲೆ ಅದಕ್ಕಿತ್ತು. 1903ರಲ್ಲಿ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲಿನಿಂದ ಕೈರೋಕ್ಕೆ ಒಂದು ಪ್ರಶ್ನೆ ಬಂತು. ಅಲ್ಲಿನ ಕ್ರೈಸ್ತರು ಎತ್ತಿಗೆ ಕೊಡಲಿಯಿಂದ ಹೊಡೆದು ಬಳಿಕ ಕೊಯ್ಯುತ್ತಾರೆ, ಆ ಮಾಂಸ ತಿನ್ನಬಹುದೇ? ಈಜಿಪ್ಟಿನ ಮುಫ್ತಿ ಮುಹಮ್ಮದ್ ಅಬ್ದುಹ್ ತಿನ್ನಬಹುದೆಂದು ಫತ್ವಾ ಕೊಟ್ಟರು. ಕೈರೋದ ಪತ್ರಿಕೆಗಳಲ್ಲಿ ಅವರ ಮೇಲೆ ಬಿರುಸಿನ ದಾಳಿ ನಡೆಯಿತು. ಪ್ಯಾರಿಸ್ಸಿನ ಕಸಾಯಿಖಾನೆಯ ಸುತ್ತಿಗೆ 77 ವರ್ಷಗಳ ಬಳಿಕವೂ ಸದ್ದು ಮಾಡುತ್ತಿತ್ತು.

ಹಾಗಾದರೆ ರುಚಿ ಹೇಗಿತ್ತು? ತಹ್ತಾವಿಯವರ ತೀರ್ಪು ಚುಟುಕಾಗಿದೆ. ಬಗೆಗಳು ಬಹಳ, ಆದರೆ ಅಡುಗೆಯಲ್ಲಿ ರುಚಿಯಿಲ್ಲ. ಹಣ್ಣುಗಳಲ್ಲಿ ನಿಜವಾದ ಸಿಹಿಯಿಲ್ಲ, ಪೀಚ್ ಹಣ್ಣೊಂದನ್ನು ಬಿಟ್ಟು. ಜಗತ್ತೇ ತಲೆದೂಗುತ್ತಿದ್ದ ಅಡುಗೆಯ ಬಗ್ಗೆ ಮೇಲಣ ಈಜಿಪ್ಟಿನ ಹಳ್ಳಿಯವರೊಬ್ಬರ ಮಾತಿದು. ಫ್ರಾನ್ಸಿನ ವಿಜ್ಞಾನವನ್ನು, ನ್ಯಾಯವನ್ನು, ಕಾಲದ ಶಿಸ್ತನ್ನು ಮನಬಿಚ್ಚಿ ಹೊಗಳಿದವರು ಅದರ ಅಡುಗೆಯನ್ನು ಮಾತ್ರ ಹೊಗಳಲಿಲ್ಲ. ನಾಲಿಗೆಗೆ ಅವರು ಸುಳ್ಳು ಹೇಳಿಸಲಿಲ್ಲ. ಮದ್ಯದ ಬಗ್ಗೆಯೂ ಅವರದೊಂದು ತುಂಟ ಟಿಪ್ಪಣಿಯಿದೆ. ಫ್ರೆಂಚರು ಇಷ್ಟೊಂದು ಕುಡಿದರೂ ಕಾವ್ಯದಲ್ಲಿ ಅದನ್ನು ಅಷ್ಟಾಗಿ ಹಾಡುವುದಿಲ್ಲ, ಅರಬರಂತೆ ಅದಕ್ಕೆ ಹತ್ತಾರು ಹೆಸರುಗಳೂ ಅವರಲ್ಲಿಲ್ಲ. ಕುಡಿಯುವುದು ನಿಷಿದ್ಧವಾದವರ ಕಾವ್ಯದಲ್ಲೇ ಅದರ ವರ್ಣನೆ ಹೆಚ್ಚು ಎಂಬ ಚುಚ್ಚು ಯಾರಿಗೆ ಎಂದು ಓದುಗರೇ ಊಹಿಸಬಹುದು.

ಎಲ್ಲರೂ ಅವರಷ್ಟು ಸಮಾಧಾನಿಗಳಾಗಿರಲಿಲ್ಲ. 1845ರ ಕೊನೆಯಲ್ಲಿ ಮೊರಾಕ್ಕೋದ ರಾಯಭಾರಿಯೊಂದಿಗೆ ಪ್ಯಾರಿಸ್ಸಿಗೆ ಹೋದ ಕಾರ್ಯದರ್ಶಿ ಮುಹಮ್ಮದ್ ಅಸ್ಸಫ್ಫಾರ್ ಅವರಿಗೆ ಫ್ರೆಂಚ್ ಭೋಜನ ಒಂದು ಶಿಕ್ಷೆಯಾಗಿತ್ತು. ಹಿಂದಿನ ವರ್ಷವಷ್ಟೇ ಇಸ್ಲಿ ಕಾಳಗದಲ್ಲಿ ಫ್ರೆಂಚರು ಮೊರಾಕ್ಕೋವನ್ನು ಸೋಲಿಸಿದ್ದರು. ಸೋತವರು ಗೆದ್ದವರ ಮೇಜಿನಲ್ಲಿ ಕುಳಿತಿದ್ದರು. ಊಟ ಬಹಳ ಹೊತ್ತು ಸಾಗುತ್ತದೆ, ಅವರು ಮಾತಾಡಿ ಮಾತಾಡಿ ಅದನ್ನು ಎಳೆಯುತ್ತಾರೆ. ಸಹಭೋಜಕರೊಡನೆ ನಿಧಾನವಾಗಿ ಮಾತಾಡುವುದು ಆತಿಥ್ಯದ ಪೂರ್ಣತೆಯೆಂದು ಅರಬರೂ ಹೇಳುತ್ತಾರೆ, ನಿಜ. ಆದರೆ ತಮಗೆ ಅವರ ಭಾಷೆಯೂ ಬಾರದು, ಮಾತಿನ ವಿಷಯವೂ ತಿಳಿಯದು, ಆಹಾರದಲ್ಲಿ ಹೆಚ್ಚಿನದು ಒಗ್ಗುವುದೂ ಇಲ್ಲ ಎಂದು ಅವರು ಬೇಸರದಿಂದ ಬರೆಯುತ್ತಾರೆ. ಇದು ಅಡುಗೆಯ ಮೇಲಿನ ದೂರಾಗಿರದೆ ಒಂಟಿತನದ ದೂರು ಎಂದು ನಮ್ಮ ಅನಿಸಿಕೆ. ತಹ್ತಾವಿಯವರು ಮೊದಲು ಭಾಷೆ ಕಲಿತರು. ಆದ್ದರಿಂದಲೇ ರುಚಿಯಿಲ್ಲದ ಊಟದಲ್ಲೂ ಅವರಿಗೆ ಹೊಟ್ಟೆ ತುಂಬುವಷ್ಟು ಸಿಕ್ಕಿತು.

1831ರಲ್ಲಿ ಊರಿಗೆ ಮರಳಿದ ಅವರು 1835ರಲ್ಲಿ ಆರಂಭವಾದ ಭಾಷಾ ಶಾಲೆಯ ಮುಖ್ಯಸ್ಥರಾದರು. ಅವರೂ ಅವರ ಶಿಷ್ಯರೂ ನೂರಾರು ಗ್ರಂಥಗಳನ್ನು ಅರಬಿಗೆ ತಂದರು. ಪಾಶಾನ ಮೊಮ್ಮಗ ಅಬ್ಬಾಸ್ ಆಡಳಿತಕ್ಕೆ ಬಂದಾಗ ಶಾಲೆ ಮುಚ್ಚಿತು, ಅವರನ್ನು 1850ರಲ್ಲಿ ಶಾಲೆ ನಡೆಸುವ ನೆಪದಲ್ಲಿ ಖಾರ್ಟೂಮಿಗೆ ಕಳುಹಿಸಲಾಯಿತು. ಅಲ್ಲಿಯೂ ಅವರು ಫ್ರೆಂಚಿನಿಂದ ಅನುವಾದ ಮಾಡುತ್ತಲೇ ಇದ್ದರು. ಅಬ್ಬಾಸನ ಮರಣಾನಂತರ, 1854ರಲ್ಲಿ ಮರಳಿ ಬಂದರು.

ಅವರ ಬದುಕಿನ ಕೊನೆಯ ವರ್ಷಗಳಲ್ಲಿ ಫ್ರೆಂಚ್ ಮೇಜು ತಾನಾಗಿಯೇ ಈಜಿಪ್ಟಿಗೆ ಬಂತು. 1869ರ ನವೆಂಬರಿನಲ್ಲಿ ಸೂಯೆಜ್ ಕಾಲುವೆಯ ಉದ್ಘಾಟನೆಗೆ ಖೆದಿವ್ ಇಸ್ಮಾಯಿಲ್ ಯುರೋಪಿನ ರಾಜಮನೆತನಗಳನ್ನು ಆಮಂತ್ರಿಸಿದ. ಫ್ರಾನ್ಸಿನ ಸಾಮ್ರಾಜ್ಞಿ ಯೂಜೆನಿ ಬಂದಳು, ಆಸ್ಟ್ರಿಯಾದ ಚಕ್ರವರ್ತಿ ಬಂದ. ಯುರೋಪಿನಿಂದ ಬಾಣಸಿಗರನ್ನೂ ಬಡಿಸುವವರನ್ನೂ ನೂರುಗಟ್ಟಲೆ ಕರೆಸಿ, ಮರುಭೂಮಿಯ ಅಂಚಿನ ಇಸ್ಮಾಯಿಲಿಯ್ಯಾದಲ್ಲಿ ಸಾವಿರಾರು ಅತಿಥಿಗಳಿಗೆ ಔತಣ ನಡೆಯಿತು. ಖರ್ಚೆಲ್ಲ ಖೆದಿವನದು. ಈ ಬಗೆಯ ವೈಭವಕ್ಕೂ ಕಾಲುವೆಗೂ ಯುದ್ಧಗಳಿಗೂ ತಂದ ಸಾಲ ಏರುತ್ತಾ ಹೋಗಿ, 1876ರಲ್ಲಿ ಈಜಿಪ್ಟಿನ ಹಣಕಾಸು ಸಾಲ ಕೊಟ್ಟ ಯುರೋಪಿನವರ ನಿಯಂತ್ರಣಕ್ಕೆ ಬಂತು. 1882ರಲ್ಲಿ ಬ್ರಿಟಿಷ್ ಸೇನೆ ಬಂದಿಳಿಯಿತು.

ಅದನ್ನು ನೋಡಲು ತಹ್ತಾವಿಯವರು ಇರಲಿಲ್ಲ. ಔತಣದ ಮರುವರ್ಷ, 1870ರಲ್ಲಿ, ಅವರು 'ರೌಝತುಲ್ ಮದಾರಿಸ್' ಎಂಬ ಶಿಕ್ಷಣ ಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡರು. 1872ರಲ್ಲಿ ಹುಡುಗರಿಗೂ ಹುಡುಗಿಯರಿಗೂ ಸಮಾನ ಶಿಕ್ಷಣ ಬೇಕೆಂದು ಒಂದು ಗ್ರಂಥ ಬರೆದರು. 1873ರ ಮೇ ತಿಂಗಳಲ್ಲಿ ಕೈರೋದಲ್ಲಿ ತೀರಿಕೊಂಡರು.